ಮ್ಯಾಗ್ಡಲೆನ್ ಬೀದಿಯಿಂದ ಒಂದು ಕಾಗದ: ಇಂಗ್ಲೆಂಡಿನ ಕನ್ನಡಿಗರಿಗೆ ಬಹಿರಂಗ ಪತ್ರ

ಇಂಗ್ಲೆಂಡಿನ ಊರೂರುಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ,

ನಮಸ್ಕಾರ.

ಹೋದ ತಿಂಗಳು ನಮ್ಮ ವಾಟ್ಸ್ಆ್ಯಪ್ ಬಳಗದಲ್ಲಿ ಮಿಡ್‌ಲ್ಯಾಂಡ್ಸ್ ಕಡೆಯ ಗೆಳೆಯರೊಬ್ಬರು ಒಂದು ಫೋಟೋ ಹಾಕಿದ್ದರು. ದೀಪದ ಕಂಬಕ್ಕೆ ಕಟ್ಟಿದ್ದ ಕೌನ್ಸಿಲ್ ನೋಟಿಸು ಅದು. ಅವರ ಪೇಟೆಬೀದಿಯ ಹಳೆಯ ಅಂಗಡಿ ಸಾಲನ್ನು ಕೆಡವಿ, ಮುಂದಿನ ಗೋಡೆಯನ್ನಷ್ಟೇ ಉಳಿಸಿಕೊಂಡು, ಅದರ ಬೆನ್ನಿಗೆ ಆರು ಅಂತಸ್ತು ಎಬ್ಬಿಸಲು ಯಾರೋ ಅರ್ಜಿ ಹಾಕಿದ್ದಾರೆ. ಹೇಳುವುದೇನಾದರೂ ಇದ್ದರೆ 21 ದಿನದೊಳಗೆ ಹೇಳಿ ಎಂದು ನೋಟಿಸಿನಲ್ಲಿತ್ತು. "ಇದಕ್ಕೆ ನಾವು ಬರೆಯಬಹುದೇ?" ಎಂದು ಗೆಳೆಯರು ಕೇಳಿದ್ದರು. ಐದು ನಿಮಿಷದಲ್ಲಿ ಉತ್ತರಗಳು ಬಂದವು. "ಅವರ ಊರು, ಅವರ ಕಟ್ಟಡ, ಊರ ಉಸಾಬರಿ ನಮಗೇಕೆ?" ಎಂದರು ಒಬ್ಬರು. "ವೀಸಾದ ಮೇಲಿರುವವರು ಸುಮ್ಮನಿರುವುದೇ ಲೇಸು" ಎಂದರು ಇನ್ನೊಬ್ಬರು. ಆಮೇಲೆ ಮಾತು ಯುಗಾದಿ ಊಟದ ಕಡೆಗೆ ಹೊರಳಿತು.

ಆ ಎರಡು ಉತ್ತರಗಳು ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿವೆ. ಎರಡೂ ತಪ್ಪು. ಎರಡನೆಯದು ಕಾನೂನಿನ ಪ್ರಕಾರವೇ ತಪ್ಪು. ಮೊದಲನೆಯದು ಏಕೆ ತಪ್ಪು ಎಂದು ಹೇಳಲು ನಾನು ದಿನವೂ ನಡೆಯುವ ಒಂದು ಬೀದಿಯ ಕಥೆಯನ್ನು ನಿಮಗೆ ಹೇಳಬೇಕು. ಸ್ವಲ್ಪ ಉದ್ದವಾದೀತು, ತಾಳ್ಮೆಯಿಂದ ಓದಿ.

ನಾನಿರುವುದು ಇಂಗ್ಲೆಂಡಿನ ಪೂರ್ವದ ನಾರ್ವಿಚ್ ನಗರದಲ್ಲಿ. ಕೆಥೆಡ್ರಲ್ ಕಡೆಯಿಂದ ಇಳಿದು ಬಂದು ಫೈ ಬ್ರಿಜ್ ಎಂಬ ಸೇತುವೆಯ ಮೇಲೆ ವೆನ್ಸಮ್ ಹೊಳೆಯನ್ನು ದಾಟಿದರೆ ಎದುರಿಗೇ ಮ್ಯಾಗ್ಡಲೆನ್ ಬೀದಿ ಶುರುವಾಗುತ್ತದೆ. ಈ ಭಾಗವನ್ನು ಇಲ್ಲಿಯವರು ಹೊಳೆಯಾಚೆಯ ನಾರ್ವಿಚ್ ಎನ್ನುತ್ತಾರೆ. ನಮ್ಮ ಎಷ್ಟೋ ಊರುಗಳಲ್ಲಿ 'ಹೊಳೆಯಾಚೆ' ಎಂದೊಡನೆ ಒಂದು ಬೇರೆ ಲೋಕವೇ ಕಣ್ಣಿಗೆ ಕಟ್ಟುವಂತೆ ಇಲ್ಲಿಯೂ ಆ ಮಾತಿಗೆ ಅದರದೇ ಧ್ವನಿಯಿದೆ. ಬೀದಿಗೆ ಹೆಸರು ಬಂದದ್ದು ಊರ ಕೋಟೆಬಾಗಿಲಿನ ಆಚೆ ಇದ್ದ ಸಂತ ಮೇರಿ ಮ್ಯಾಗ್ಡಲೆನ್ ಹೆಸರಿನ ಕುಷ್ಠರೋಗಿಗಳ ಆಸ್ಪತ್ರೆಯಿಂದ.

ಈ ಬೀದಿಯನ್ನು ನೋಡಬೇಕಾದರೆ ಅಂಗಡಿಯ ಗಾಜಿನಿಂದ ಕಣ್ಣನ್ನು ಮೇಲೆತ್ತಬೇಕು. ಕೆಳಗೆ ಹಳೆಯ ಸಾಮಾನಿನ ಅಂಗಡಿ, ಕ್ಷೌರದಂಗಡಿ, ನಮಗೆ ಬೇಳೆ ಮಸಾಲೆ ಸಿಗುವ ಏಷ್ಯಾದವರ ದಿನಸಿ ಅಂಗಡಿ. ಮೇಲೆ ನೋಡಿದರೆ ಮರದ ತೊಲೆಗಳ ಚೌಕಟ್ಟಿನಲ್ಲಿ ಕಟ್ಟಿ ಗಾರೆ ಬಳಿದ ಉಪ್ಪರಿಗೆಗಳು, ಬೀದಿಯ ಕಡೆಗೆ ಮುಂಚಾಚಿಕೊಂಡ ಮಾಳಿಗೆಗಳು, ಚಕಮಕಿ ಕಲ್ಲಿನ ಗೋಡೆಗಳು, ಅವುಗಳ ನಡುವೆ ಹದಿನೆಂಟನೆಯ ಶತಮಾನದ ಅಚ್ಚುಕಟ್ಟಾದ ಇಟ್ಟಿಗೆ ಮನೆಗಳು. ಅಂಗಡಿಗಳ ನಡುವೆ ಅಲ್ಲಲ್ಲಿ ಒಂದಾಳು ಅಗಲದ ಕಮಾನುಗಳು. ಒಳಹೊಕ್ಕರೆ ಅಂಗಳಗಳು. ಅಂಥ ಒಂದು ಅಂಗಳ ಗರ್ನಿ ಕೋರ್ಟ್. 1780ರಲ್ಲಿ ಎಲಿಜಬೆತ್ ಫ್ರೈ ಹುಟ್ಟಿದ್ದು ಅಲ್ಲಿ. ಸೆರೆಮನೆಯ ಹೆಂಗಸರ ಸ್ಥಿತಿಯನ್ನು ಬದಲಿಸಲು ಜೀವ ಸವೆಸಿದ ಆಕೆಯ ಮುಖವನ್ನು ಹಳೆಯ ಐದು ಪೌಂಡಿನ ನೋಟಿನಲ್ಲಿ ನಿಮ್ಮಲ್ಲಿ ಹಲವರು ನೋಡಿದ್ದೀರಿ. ಇಪ್ಪತ್ತೆರಡು ವರ್ಷದ ನಂತರ, 1802ರಲ್ಲಿ, ಬರಹಗಾರ್ತಿ ಹ್ಯಾರಿಯೆಟ್ ಮಾರ್ಟಿನೊ ಹುಟ್ಟಿದ್ದೂ ಅದೇ ಅಂಗಳದಲ್ಲಿ. ಆ ಕಮಾನಿನ ಮುಂದೆ ಹಾದುಹೋಗುವಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ.

'ಅವರ ಊರು' ಎಂದ ಗೆಳೆಯರಿಗೆ ನಾನು ಮೊದಲು ಹೇಳಬೇಕಾದದ್ದು ಇದು. 1565ರಲ್ಲಿ ನಾರ್ವಿಚ್‌ನ ನೇಯ್ಗೆ ಕಸುಬು ಕುಸಿಯುತ್ತಿದ್ದಾಗ ಊರಿನವರು ಕಡಲಾಚೆಯಿಂದ ಮೂವತ್ತು ನೇಕಾರ ಕುಟುಂಬಗಳನ್ನು ಕರೆಸಿಕೊಂಡರು. ಇಪ್ಪತ್ನಾಲ್ಕು ಡಚ್ಚರವು, ಆರು ಫ್ರೆಂಚ್ ಆಡುವ ವಾಲೂನರವು. ಧರ್ಮದ ಕಾರಣಕ್ಕೆ ತಮ್ಮ ನೆಲದಲ್ಲಿ ಹಿಂಸೆ ಅನುಭವಿಸುತ್ತಿದ್ದ ಅವರ ಬಂಧುಗಳು ಹಿಂದೆಯೇ ಸಾವಿರಗಟ್ಟಲೆ ಬಂದರು. ಒಂದು ಕಾಲಕ್ಕೆ ಊರಿನ ಮೂವರಲ್ಲಿ ಒಬ್ಬರು ಹೊರಗಿನವರೇ ಆಗಿದ್ದರಂತೆ. ಅವರನ್ನು ಊರು ಕರೆದದ್ದೇ 'ಪರಕೀಯರು' ಎಂದು. ಆ ಪರಕೀಯರ ಮಗ್ಗಗಳಿಂದ ನಾರ್ವಿಚ್ ಶ್ರೀಮಂತವಾಯಿತು. ಆ ಸಿರಿಯಿಂದ ಹೊಳೆಯಾಚೆಯ ಮನೆಗಳು ಎದ್ದವು. ಮಗ್ಗಕ್ಕೆ ಬೆಳಕು ಬೇಕೆಂದು ಮೇಲಂತಸ್ತಿನಲ್ಲಿ ಉದ್ದುದ್ದ ಕಿಟಕಿಗಳನ್ನು ಇಟ್ಟ ನೇಕಾರರ ಮನೆಗಳು ಈಗಲೂ ಅಲ್ಲಲ್ಲಿ ಕಾಣುತ್ತವೆ. ಅವರು ಜೊತೆಯಲ್ಲಿ ತಂದ ಕ್ಯಾನರಿ ಹಕ್ಕಿಯೇ ಇಂದಿಗೂ ಈ ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರು. ಇನ್ನೂ ಮುಂದೆ, ಹದಿನೆಂಟನೆಯ ಶತಮಾನದ ಕೊನೆಗೆ, ಇಲ್ಲಿಯ ನೇಕಾರರು ಕಾಶ್ಮೀರದ ಶಾಲುಗಳನ್ನು ನೋಡಿ ಅವುಗಳ ಮಾದರಿಯಲ್ಲೇ ನೇಯತೊಡಗಿದರು. ನಾರ್ವಿಚ್ ಶಾಲು ಎಂದು ಹೆಸರಾದ ಬಟ್ಟೆಯ ಮೇಲೆ ಇದ್ದದ್ದು ನಮ್ಮ ಕಡೆಯ ಮಾವಿನಕಾಯಿ ಬುಟ್ಟ.

ಹೊರಗಿನಿಂದ ಬಂದವರನ್ನು ತೆಗೆದುಬಿಟ್ಟರೆ ಈ ಬೀದಿಯಲ್ಲಿ ಉಳಿಯುವುದು ಅರ್ಧ ಮಾತ್ರ.

ಈಗ ಕಳೆದ ಶತಮಾನದ ನಡುವಿಗೆ ಬರುತ್ತೇನೆ, ಏಕೆಂದರೆ ಇಂಗ್ಲೆಂಡಿನ ಹಳೆಯ ಪೇಟೆಬೀದಿಗಳ ಹಣೆಬರಹ ನಿರ್ಧಾರವಾದದ್ದು ಆ ಮೂವತ್ತು ವರ್ಷಗಳಲ್ಲಿ. 1942ರ ಏಪ್ರಿಲ್ ಕೊನೆಯಲ್ಲಿ ಜರ್ಮನ್ ವಿಮಾನಗಳು ಎಕ್ಸೆಟರ್, ಬಾತ್, ನಾರ್ವಿಚ್, ಯಾರ್ಕ್ ನಗರಗಳ ಮೇಲೆ ಒಂದರ ಹಿಂದೆ ಒಂದರಂತೆ ಬಾಂಬು ಸುರಿದವು. ಪ್ರವಾಸಿಗರ ಕೈಪಿಡಿಯಲ್ಲಿ ಹೆಸರಿರುವ ಚೆಲುವಾದ ಊರುಗಳನ್ನೇ ಆರಿಸಿಕೊಂಡು ನಡೆಸಿದ ದಾಳಿ ಎಂದು ಅದಕ್ಕೆ ಆ ಕೈಪಿಡಿ ಪ್ರಕಾಶಕರ ಹೆಸರೇ ಅಂಟಿಕೊಂಡಿತು. ನಾರ್ವಿಚ್‌ನ ಸರದಿ ಬಂದದ್ದು 27 ಮತ್ತು 29ರ ರಾತ್ರಿ. ಆದರೂ ಮ್ಯಾಗ್ಡಲೆನ್ ಬೀದಿಯ ಬಹುಪಾಲು ಉಳಿದುಕೊಂಡಿತು. ಯುದ್ಧ ಮುಗಿಯುವ ಹೊತ್ತಿಗೆ ಅದು ಬಡವಾಗಿತ್ತು, ಮಸಿ ಹಿಡಿದಿತ್ತು, ಬಣ್ಣ ಕಳೆದುಕೊಂಡಿತ್ತು, ಆದರೆ ನಿಂತಿತ್ತು.

1957ರಲ್ಲಿ ಡಂಕನ್ ಸ್ಯಾಂಡಿಸ್ ಎಂಬ ರಾಜಕಾರಣಿ ಸಿವಿಕ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಊರುಗಳ ಚೆಲುವನ್ನು ಕಾಯಲು ಊರಿನವರನ್ನೇ ಎಬ್ಬಿಸಬೇಕೆಂಬುದು ಅದರ ಉದ್ದೇಶ. ಮೊದಲ ಪ್ರಯೋಗಕ್ಕೆ ಅವರು ಆರಿಸಿಕೊಂಡದ್ದು ಇದೇ ಮ್ಯಾಗ್ಡಲೆನ್ ಬೀದಿಯನ್ನು. ಒಂದು ಕಟ್ಟಡವನ್ನೂ ಕೆಡವದೆ, ದೊಡ್ಡ ಹಣ ಸುರಿಯದೆ, ಅಂಗಡಿಯವರು ಒಬ್ಬರಿಗೊಬ್ಬರು ಒಪ್ಪಿಕೊಂಡು ಮಾಡಿದರೆ ಒಂದು ಬೀದಿ ಎಷ್ಟು ಬದಲಾದೀತು ಎಂದು ತೋರಿಸಬೇಕಿತ್ತು. ಒಟ್ಟು ಹೊಂದಾಣಿಕೆಯ ಹೊಣೆ ಹೊತ್ತವರು ಮಿಶಾ ಬ್ಲ್ಯಾಕ್ ಎಂಬ ವಿನ್ಯಾಸಕಾರರು. ಲಂಡನ್ನಿನ ವೆಸ್ಟ್‌ಮಿನ್ಸ್ಟರಿನಲ್ಲಿ ನಾವೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುವ ಆ ಬಿಳಿಯ ಬೀದಿಫಲಕಗಳು, ಕಪ್ಪು ಮತ್ತು ಕೆಂಪು ಅಕ್ಷರದವು, ಇದಾದ ಕೆಲವು ವರ್ಷಗಳ ನಂತರ ಅವರ ಕೈಯಿಂದ ಬಂದವು. ಅವರು ಹುಟ್ಟಿದ್ದು ಬಾಕುವಿನಲ್ಲಿ. ಎಳೆಯ ಮಗುವಾಗಿದ್ದಾಗ ಇಂಗ್ಲೆಂಡಿಗೆ ಬಂದವರು. ನೋಡಿ, ಇಲ್ಲಿಯೂ ಒಬ್ಬ ಪರಕೀಯ.

ಅವರೆಲ್ಲ ಸೇರಿ ಮಾಡಿದ್ದು ಸರಳವಾದ ಕೆಲಸ. ಗೋಡೆಗಳಿಗೆ ಒಂದಕ್ಕೊಂದು ಒಪ್ಪುವ ಬಣ್ಣ. ಅಂಗಡಿಯ ಹೆಸರಿಗೆ ಓದಲು ಹಿತವಾದ, ಕಟ್ಟಡಕ್ಕೆ ಹೊಂದುವ ಅಕ್ಷರ. ಒಂದರ ಮೇಲೊಂದು ಬಿದ್ದಿದ್ದ ಜಾಹೀರಾತು ಹಲಗೆಗಳನ್ನು ಇಳಿಸಿದರು. ತಲೆಯ ಮೇಲೆ ಜೋತಾಡುತ್ತಿದ್ದ ತಂತಿಗಳನ್ನು ತೆಗೆಸಿದರು, ಬೀದಿದೀಪಗಳನ್ನು ಕಟ್ಟಡದ ಗೋಡೆಗೇ ಕೂರಿಸಿದರು. ಯಾರ ಮೇಲೂ ಬಲವಂತವಿರಲಿಲ್ಲ. ಪಕ್ಕದಂಗಡಿಯವನ ಬಣ್ಣ ಯಾವುದು ಎಂದು ಕೇಳಿ ತನ್ನ ಬಣ್ಣವನ್ನು ಆರಿಸಿಕೊಳ್ಳುವುದು, ಎಷ್ಟು ಸಣ್ಣ ಸೌಜನ್ಯ ಇದು! ಆ ಸೌಜನ್ಯವನ್ನು ಒಂದಿಡೀ ಬೀದಿ ತೋರಿಸಿತು. 1959ರಲ್ಲಿ ಕೆಲಸ ಮುಗಿದಾಗ ದೇಶದ ಬೇರೆ ಬೇರೆ ಊರುಗಳಿಂದ ಜನ ನೋಡಲು ಬಂದರು. ವಿಂಡ್ಸರ್, ಬರ್ಸ್ಲೆಮ್ ಎಂದು ಶುರುವಾಗಿ ಬ್ರಿಟನ್ನಿನ ನೂರಾರು ಬೀದಿಗಳು ಇದೇ ದಾರಿ ಹಿಡಿದವು.

ಬರೀ ಮುಖಕ್ಕೆ ಬಣ್ಣ ಬಳಿದಂತೆ ಎಂದು ಇದನ್ನು ಹಳಿದವರೂ ಇದ್ದಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಬಣ್ಣದ ಹಿಂದೆ ತೊಲೆ ಕೊಳೆಯುತ್ತಿದ್ದರೆ ಬಣ್ಣ ಏನು ಮಾಡೀತು? ಆದರೂ ತಮ್ಮ ಬೀದಿಯನ್ನು ಕಣ್ಣೆತ್ತಿ ನೋಡಲು ಅದು ಜನರಿಗೆ ಕಲಿಸಿತು. ನನ್ನ ಮಟ್ಟಿಗೆ ಅದೇ ದೊಡ್ಡದು.

ನನಗೆ ನಿಜವಾಗಿ ನೋವು ಕೊಡುವುದು ಮುಂದಿನದು. ಹದಿಮೂರು ವರ್ಷದ ನಂತರ, 1972ರಲ್ಲಿ, ಅದೇ ಬೀದಿಯ ಎದೆಯ ಮೇಲೆ ಒಂದು ಮೇಲ್ಸೇತುವೆ ಬಂದು ಕೂತಿತು. ಊರಿನ ಒಳವರ್ತುಲ ರಸ್ತೆಗಾಗಿ ಕಾಂಕ್ರೀಟು ಕಂಬಗಳನ್ನು ನೆಟ್ಟು, ನಡುವಿನ ಮನೆ ಅಂಗಡಿಗಳನ್ನು ಕೆಡವಿ, ಮ್ಯಾಗ್ಡಲೆನ್ ಬೀದಿಯನ್ನು ಎರಡು ತುಂಡು ಮಾಡಿದರು. ಬೀದಿ ಕವಲೊಡೆಯುತ್ತಿದ್ದ ಸ್ಟಂಪ್ ಕ್ರಾಸ್ ಎಂಬ ಹಳೆಯ ಜಾಗ ಹೋಯಿತು. ಅಲ್ಲಿಂದ ಹೊರಡುತ್ತಿದ್ದ ಬಾಟಲ್ಫ್ ಬೀದಿಯ ಬಹುಭಾಗ ನಕಾಶೆಯಿಂದಲೇ ಅಳಿಸಿಹೋಗಿ, ಅಲ್ಲಿ ಆಂಗ್ಲಿಯಾ ಸ್ಕ್ವೇರ್ ಎಂಬ ಕಾಂಕ್ರೀಟು ಮಳಿಗೆ ಸಂಕೀರ್ಣವೂ ಕಾರು ನಿಲುಗಡೆಯ ಕಟ್ಟಡವೂ ಎದ್ದವು. ಸರ್ಕಾರಿ ಮುದ್ರಣ ಇಲಾಖೆಗೆಂದು ಅದರ ಪಕ್ಕದಲ್ಲೇ ಕಟ್ಟಿದ ಸಾವರಿನ್ ಹೌಸ್ ಎಂಬ ದೈತ್ಯ ಕಚೇರಿ ಕೆಲವೇ ದಶಕಗಳಲ್ಲಿ ಖಾಲಿಯಾಗಿ, ಒಡೆದ ಗಾಜುಗಳೊಂದಿಗೆ ವರ್ಷಗಟ್ಟಲೆ ಹಾಳುಬಿದ್ದಿತ್ತು. ನಾನೂರು ವರ್ಷ ನಿಂತಿದ್ದ ಮನೆಗಳನ್ನು ತೆಗೆದು ನಲವತ್ತು ವರ್ಷವೂ ಬಾಳದ ಕಟ್ಟಡವನ್ನು ಕಟ್ಟಿದ್ದಕ್ಕೆ ಏನೆನ್ನಬೇಕು?

ಜನ ಬಂದು ಮೆಚ್ಚಿದ ಬೀದಿಗೆ ಹೀಗೇಕಾಯಿತು ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ಬೀದಿಯವರು ಬಣ್ಣ ಬಳಿಯುತ್ತಿದ್ದಾಗಲೇ ಕೌನ್ಸಿಲಿನ ಕಪಾಟಿನಲ್ಲಿ ಒಂದು ನಕಾಶೆ ಮಲಗಿತ್ತು. 1945ರಲ್ಲಿ, ಯುದ್ಧ ಮುಗಿದ ವರ್ಷವೇ, ನಾರ್ವಿಚ್ ನಗರಕ್ಕೆ ಒಂದು ದೊಡ್ಡ ಯೋಜನೆ ಅಚ್ಚಾಗಿ ಬಂದಿತ್ತು. ಅದರಲ್ಲಿ ಹಳೆಯ ಊರಿನೊಳಗೆ ವರ್ತುಲ ರಸ್ತೆಯ ಗೆರೆ ಎಳೆದಾಗಿತ್ತು. ಆ ಗೆರೆ ಇಪ್ಪತ್ತೈದು ವರ್ಷ ಸದ್ದಿಲ್ಲದೆ ಕಾಯ್ದುಕೊಂಡಿದ್ದು, ಹಣ ಒದಗಿದ ದಿನ ಸೇತುವೆಯಾಗಿ ಮೇಲೆದ್ದಿತು. ಬುಲ್ಡೋಜರು ಬಂದಾಗ ಎಲ್ಲರಿಗೂ ಕಾಣುತ್ತದೆ. ಗೆರೆ ಎಳೆಯುವಾಗ ಕಾಣುವುದು ಹೋಗಿ ನೋಡಿದವರಿಗೆ ಮಾತ್ರ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ನಮ್ಮ ಗಾದೆ ಇಂಥದ್ದನ್ನು ನೋಡಿಯೇ ಹುಟ್ಟಿರಬೇಕು.

ಅದೇ ಊರು, ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಇದಕ್ಕೆ ತದ್ವಿರುದ್ಧವಾದ ಕೆಲಸವನ್ನೂ ಮಾಡಿತು. 1963ರಲ್ಲಿ ಪಟ್ಟಣಗಳ ವಾಹನ ದಟ್ಟಣೆಯ ಬಗ್ಗೆ ಸರ್ಕಾರಕ್ಕೆ ಬ್ಯುಕ್ಯಾನನ್ ವರದಿ ಸಲ್ಲಿಕೆಯಾಯಿತು. ಹಳೆಯ ಐತಿಹಾಸಿಕ ನಗರಕ್ಕೆ ಉದಾಹರಣೆಯಾಗಿ ಅದು ತೆಗೆದುಕೊಂಡದ್ದು ನಾರ್ವಿಚನ್ನೇ. ಇಂಥ ಊರನ್ನು ಊರಾಗಿ ಉಳಿಸಬೇಕಾದರೆ ಬಯಸಿದ ಕಾರುಗಳೆಲ್ಲ ಒಳಗೆ ಬರಲು ಆಗದು ಎಂದು ಅದು ಸ್ಪಷ್ಟವಾಗಿ ಹೇಳಿತು. 1965ರ ಸುಮಾರಿಗೆ ಲಂಡನ್ ಸ್ಟ್ರೀಟ್ ಎಂಬ ಇಕ್ಕಟ್ಟಾದ ಅಂಗಡಿಬೀದಿಯನ್ನು ಒಳಚರಂಡಿಯ ದುರಸ್ತಿಗೆಂದು ಕೆಲವು ದಿನ ಮುಚ್ಚಿದಾಗ ಜನ ನೆಮ್ಮದಿಯಿಂದ ನಡೆದಾಡುವುದನ್ನು ಅಂಗಡಿಯವರು ಕಣ್ಣಾರೆ ಕಂಡರು. 1967ರಲ್ಲಿ ಆ ಬೀದಿಗೆ ವಾಹನಗಳನ್ನು ನಿಲ್ಲಿಸಿಯೇಬಿಟ್ಟರು. ಬ್ರಿಟನ್ನಿನಲ್ಲಿ ನಡೆಯುವವರಿಗೆ ಬಿಟ್ಟುಕೊಟ್ಟ ಮೊದಲ ಹಳೆಯ ಅಂಗಡಿಬೀದಿ ಅದು. ಹೊಳೆಯ ಈಚೆ ಕಾರನ್ನು ಹೊರಗಿಟ್ಟ ಊರೇ ಹೊಳೆಯ ಆಚೆ ಕಾರಿಗಾಗಿ ಮನೆಗಳನ್ನು ಕೆಡವಿತು. ಆಚೆಯವರು ಬಡವರು, ಅವರ ದನಿ ಸಣ್ಣದು ಎಂಬುದು ನನ್ನ ಊಹೆ. ಹಾಗೆಂದು ಸಾಧಿಸಲಾರೆ, ಆದರೆ ಎರಡೂ ಬೀದಿಗಳಲ್ಲಿ ನಡೆದಾಗಲೆಲ್ಲ ನನಗೆ ಹಾಗೆಯೇ ಅನ್ನಿಸುತ್ತದೆ.

ನಾರ್ವಿಚ್ ಒಂದೇ ಅಲ್ಲ. ವುಸ್ಟರ್ ನಗರದ ಕೆಥೆಡ್ರಲ್ಲಿನ ಎದುರಿಗೇ ಇದ್ದ ಲಿಚ್ ಸ್ಟ್ರೀಟ್ ಎಂಬ ಮರದ ಮನೆಗಳ ಬೀದಿಯನ್ನು 1960ರ ದಶಕದಲ್ಲಿ ಇಡಿಯಾಗಿ ತೆಗೆದು ಮಳಿಗೆ ಮತ್ತು ಹೋಟೆಲು ಕಟ್ಟಿದರು. ಶವಯಾತ್ರೆ ಹಾದು ಬರುತ್ತಿದ್ದ ಹಳೆಯ ಹೆಬ್ಬಾಗಿಲೂ ಅದರ ಜೊತೆಗೆ ಹೋಯಿತು. ಹೆಬ್ಬಾಗಿಲಿನ ಹೆಸರನ್ನು ಮಾತ್ರ ಆ ಮಳಿಗೆಗೆ ಇಟ್ಟಿದ್ದರು. ಕಾವೆಂಟ್ರಿಯಲ್ಲಿ ಬುಚರ್ ರೋ ಎಂಬ ಕಟುಕರ ಬೀದಿಯನ್ನು ಬಾಂಬು ಬೀಳುವ ಮೊದಲೇ, 1936ರಲ್ಲಿ, ಊರಿನವರೇ ಕೆಡವಿದ್ದರು. ಆಮೇಲೆ ಅದೇ ಊರು ಬೇರೆ ಬೀದಿಗಳಲ್ಲಿ ಉಳಿದಿದ್ದ ಮರದ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ಸ್ಪಾನ್ ಸ್ಟ್ರೀಟಿಗೆ ತಂದು ಮರಳಿ ನಿಲ್ಲಿಸಿತು. ಅದನ್ನು ನೋಡಿದರೆ ಸಂತೋಷವೂ ಆಗುತ್ತದೆ, ಹೊಟ್ಟೆಯಲ್ಲಿ ಏನೋ ಕಲಸಿದಂತೆಯೂ ಆಗುತ್ತದೆ.

ಕೆಡವಿದವರೆಲ್ಲ ದುಷ್ಟರು ಎಂದು ನಾನು ಹೇಳುತ್ತಿಲ್ಲ. ನಾನು ಮೇಲೆ ಬಣ್ಣಿಸಿದ ಅಂಗಳಗಳ ಹಿಂದೆ ಇಕ್ಕಟ್ಟಾದ ಕೇರಿಗಳಿದ್ದವು. ಹಲವು ಸಂಸಾರಗಳಿಗೆ ಒಂದು ನಲ್ಲಿ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದೆರಡು ಕಕ್ಕಸು, ಗೋಡೆಯಲ್ಲಿ ಇಳಿಯುವ ನೀರು. ಅಂಥ ಕೋಣೆಯಲ್ಲಿ ಕೆಮ್ಮುವ ಮಗುವನ್ನು ಸಾಕಿದ ತಾಯಿಗೆ ಬಚ್ಚಲುಮನೆಯಿರುವ ಕೌನ್ಸಿಲ್ ಮನೆ ಸಿಕ್ಕಿದ್ದು ವರವೇ. ಹಳೆಯ ತೊಲೆಯ ಚೆಲುವನ್ನು ಅವಳ ಮುಂದೆ ಹೊಗಳುವ ಹಕ್ಕು ನನಗಿಲ್ಲ. ಆದರೆ ಸಂಸಾರಗಳಿಗೆ ಒಳ್ಳೆಯ ಮನೆ ಕೊಡುವುದಕ್ಕೂ ಬೀದಿಯನ್ನು ಸೀಳಿ ಸೇತುವೆ ಹಾಯಿಸುವುದಕ್ಕೂ ಸಂಬಂಧವಿಲ್ಲ. ನಾರ್ವಿಚ್‌ನದೇ ಎಲ್ಮ್ ಹಿಲ್ ಇದಕ್ಕೆ ಸಾಕ್ಷಿ. 1507ರ ಬೆಂಕಿಯ ನಂತರ ಮತ್ತೆ ಕಟ್ಟಿದ ಮನೆಗಳ ಆ ಬೀದಿ ಕಳೆದ ಶತಮಾನದ ಆರಂಭಕ್ಕೆ ಕೊಳಚೆ ಕೇರಿಯಾಗಿತ್ತು. ಕೆಡವಲು ಕೌನ್ಸಿಲ್ ಸಿದ್ಧವಾಗಿತ್ತು. 1923ರಲ್ಲಿ ಹುಟ್ಟಿದ ನಾರ್ವಿಚ್ ಸೊಸೈಟಿ ಎಂಬ ನಾಗರಿಕರ ಸಂಘ ಪಟ್ಟುಹಿಡಿದು ವಾದಿಸಿತು. ಕೊನೆಗೆ ಕೌನ್ಸಿಲಿನಲ್ಲಿ ಬೀದಿ ಉಳಿದದ್ದು ಒಂದೇ ಒಂದು ಮತದಿಂದ. ಇಂದು ಅದು ಈ ಊರಿನ ಹೆಮ್ಮೆ. ನಿಮ್ಮ ಮನೆಗೆ ಬರುವ ನೆಂಟರನ್ನು ನಾರ್ವಿಚ್‌ಗೆ ಕರೆತಂದರೆ ನೀವು ಮೊದಲು ತೋರಿಸುವುದು ಅದನ್ನೇ.

ಒಂದೇ ಒಂದು ಮತ. ಇಲ್ಲಿಂದ ನಾನು ಗೆಳೆಯರ ಎರಡನೆಯ ಉತ್ತರಕ್ಕೆ ಬರುತ್ತೇನೆ.

ನಾವು ಕಾಮನ್‌ವೆಲ್ತ್ ದೇಶದ ಪ್ರಜೆಗಳು. ಬ್ರಿಟಿಷ್ ಪೌರತ್ವವನ್ನು ಪಡೆಯದೆಯೂ, ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತದ ಪ್ರಜೆಗೆ ಹದಿನೆಂಟು ತುಂಬಿದ್ದರೆ ಕೌನ್ಸಿಲ್ ಚುನಾವಣೆಯಲ್ಲಿ ಮಾತ್ರವಲ್ಲ, ಸಂಸತ್ ಚುನಾವಣೆಯಲ್ಲೂ ಮತವಿದೆ. ವಿದ್ಯಾರ್ಥಿಯಾಗಿರಲಿ, ಆಸ್ಪತ್ರೆಯ ನರ್ಸ್ ಆಗಿರಲಿ, ಸಾಫ್ಟ್‌ವೇರ್ ಉದ್ಯೋಗಿಯಾಗಿರಲಿ. ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಬೇಕು, ಅಷ್ಟೆ. ಮತಗಟ್ಟೆಯಲ್ಲಿ ಗುರುತಿನ ಚೀಟಿ ಕೇಳಿದರೆ ಭಾರತದ ಪಾಸ್‌ಪೋರ್ಟ್ ಸಾಕು. ಇದು ತಿಳಿಯದೆ ಹತ್ತು ವರ್ಷ ಮತ ಹಾಕದೇ ಇದ್ದವರನ್ನು ನಾನು ಬಲ್ಲೆ. ಪ್ಲಾನಿಂಗ್ ಅರ್ಜಿಗೆ, ಅಂದರೆ ಕಟ್ಟಲು ಕೆಡವಲು ಕೌನ್ಸಿಲಿನ ಅನುಮತಿ ಕೇಳುವ ಇಂಥ ಅರ್ಜಿಗೆ, ಅಭಿಪ್ರಾಯ ಬರೆಯಲು ಅಷ್ಟೂ ಬೇಕಿಲ್ಲ. ಅಲ್ಲಿ ಪೌರತ್ವವನ್ನು ಯಾರೂ ಕೇಳುವುದಿಲ್ಲ. ಮನೆ ಸ್ವಂತದ್ದೋ ಬಾಡಿಗೆಯದೋ ಎಂದೂ ಕೇಳುವುದಿಲ್ಲ. ಬರೆದದ್ದಕ್ಕೆ ವೀಸಾಕ್ಕೆ ಕುತ್ತು ಬರುತ್ತದೆಂಬುದು ಬರೀ ಹೆದರಿಕೆ.

ನಮ್ಮವರಿಗೆ ಇದು ಹೊಸದೂ ಅಲ್ಲ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ನಿಂತಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲರು ಅದಕ್ಕಾಗಿ ಶ್ರಮಿಸಿದರು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಆ ಪ್ರತಿಮೆಯನ್ನು ನಿಲ್ಲಿಸಲು ಕೂಡ ಇದೇ ಪ್ಲಾನಿಂಗ್ ಬಾಗಿಲನ್ನು ತಟ್ಟಬೇಕಾಗಿತ್ತು, ತಟ್ಟಿದರು. ನಮ್ಮದೊಂದನ್ನು ಕಟ್ಟಲು ತಟ್ಟಿದ ಬಾಗಿಲನ್ನು, ನಾವು ಬಾಳುವ ಊರಿನದೊಂದನ್ನು ಉಳಿಸಲು ತಟ್ಟಬಾರದೇಕೆ?

ಕಾನೂನು ಕೂಡ ಈಗ ಹಿಂದಿನಂತಿಲ್ಲ. 1947ರ ಯೋಜನಾ ಕಾಯ್ದೆ ಬಂದ ಮೇಲೂ ಬಹಳ ವರ್ಷ, ಉಳಿಸಬೇಕಾದ ಹಳೆಯ ಕಟ್ಟಡಗಳೆಂದು ಸರ್ಕಾರ ಮಾಡಿದ ಪಟ್ಟಿಗೆ ಸೇರಿದ ಕಟ್ಟಡವನ್ನು ಕೆಡವಲು ಮಾಲೀಕ ಎರಡು ತಿಂಗಳ ಮುಂಚೆ ತಿಳಿಸಿದರೆ ಸಾಕಾಗಿತ್ತು. ತಡೆಯುವ ಕೆಲಸ ಕೌನ್ಸಿಲಿನ ಮೇಲೆ ಬೀಳುತ್ತಿತ್ತು. 1967ರಲ್ಲಿ ಅದೇ ಡಂಕನ್ ಸ್ಯಾಂಡಿಸ್ ಖಾಸಗಿ ಸದಸ್ಯರ ಮಸೂದೆಯಾಗಿ ತಂದ ಕಾಯ್ದೆಯಿಂದ ಒಂದೊಂದು ಕಟ್ಟಡವನ್ನಲ್ಲದೆ ಇಡೀ ಬೀದಿಯನ್ನೇ, ಇಡೀ ಬಡಾವಣೆಯನ್ನೇ ಸಂರಕ್ಷಿತ ಪ್ರದೇಶವೆಂದು ಸಾರಲು ದಾರಿಯಾಯಿತು. ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್ ಆ ವರ್ಷವೇ ಅಂಥ ಮೊದಲ ಪ್ರದೇಶವಾಯಿತು. ಮರುವರ್ಷ ಬಂದ ಇನ್ನೊಂದು ಕಾಯ್ದೆ, ಪಟ್ಟಿಯಲ್ಲಿರುವ ಕಟ್ಟಡವನ್ನು ಮುಟ್ಟುವ ಮೊದಲು ಒಪ್ಪಿಗೆ ಪಡೆಯಲೇಬೇಕು ಎಂದಿತು. ಮ್ಯಾಗ್ಡಲೆನ್ ಬೀದಿಯ ಬಣ್ಣ ಈ ಕಾನೂನುಗಳಿಗೆ ಬೀಜ ಹಾಕಿತು ಎಂದು ನಾನು ನಂಬುತ್ತೇನೆ, ತನ್ನನ್ನು ಅದು ಉಳಿಸಿಕೊಳ್ಳಲಾರದೆ ಹೋದರೂ. ಇನ್ನು 2020ರ ನವೆಂಬರಿನಲ್ಲಿ, ಆಂಗ್ಲಿಯಾ ಸ್ಕ್ವೇರ್ ಜಾಗದಲ್ಲಿ ಇಪ್ಪತ್ತು ಅಂತಸ್ತಿನ ಗೋಪುರವೂ ಸೇರಿದ್ದ ಒಂದು ಯೋಜನೆಯನ್ನು ಸರ್ಕಾರದ ಮಂತ್ರಿಯೇ ತಿರಸ್ಕರಿಸಿದರು. ನಾರ್ವಿಚ್ ಸೊಸೈಟಿಯೂ ಊರಿನ ಹಲವು ನಾಗರಿಕರೂ ಅದರ ವಿರುದ್ಧ ಬರೆದಿದ್ದರು, ವಿಚಾರಣೆಯಲ್ಲಿ ಕೂತು ವಾದಿಸಿದ್ದರು.

ಹಾಗಾದರೆ ಏನು ಬರೆಯಬೇಕು? ಕೇಳಿದ ಗೆಳೆಯರಿಗೂ ಉಳಿದವರಿಗೂ ನಾನು ಕಲಿತಷ್ಟನ್ನು ಹೇಳುತ್ತೇನೆ. ನಿಮ್ಮ ಕಿಟಕಿಯ ನೋಟ ಹಾಳಾಗುತ್ತದೆ, ಮನೆಯ ಬೆಲೆ ಇಳಿಯುತ್ತದೆ, ಅರ್ಜಿದಾರ ಒಳ್ಳೆಯವನಲ್ಲ ಎಂದೆಲ್ಲ ಬರೆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಟ್ಟಡದ ಎತ್ತರ ಬೀದಿಯ ಸ್ವರೂಪಕ್ಕೆ ಹೇಗೆ ಧಕ್ಕೆ ತರುತ್ತದೆ, ಪಕ್ಕದ ಪಟ್ಟಿಗೆ ಸೇರಿದ ಕಟ್ಟಡದ ಸುತ್ತಲಿನ ಪರಿಸರ ಹೇಗೆ ಕೆಡುತ್ತದೆ, ಬೆಳಕು ಎಲ್ಲಿ ಕಡಿಮೆಯಾಗುತ್ತದೆ, ವಾಹನಗಳು ಎಲ್ಲಿ ಕಿಕ್ಕಿರಿಯುತ್ತವೆ, ಇವನ್ನು ಬರೆಯಿರಿ. ಯಾರೋ ಬರೆದ ಕಾಗದವನ್ನು ನಕಲು ಮಾಡಿ ಐವತ್ತು ಜನ ಕಳುಹಿಸುವುದಕ್ಕಿಂತ ಐದು ಜನ ತಮ್ಮದೇ ಮಾತಿನಲ್ಲಿ ಬರೆದದ್ದಕ್ಕೆ ತೂಕ ಹೆಚ್ಚು. ನೀವು ಬರೆದದ್ದನ್ನು ಎಲ್ಲರೂ ಓದಬಹುದು, ಆದ್ದರಿಂದ ಮಾತು ಮೆತ್ತಗಿರಲಿ, ಕಾರಣ ಗಟ್ಟಿಯಾಗಿರಲಿ. ಬರೆಯುವ ಮೊದಲು ಒಮ್ಮೆ ಹೋಗಿ ಬೀದಿಯ ಎದುರು ಬದಿಯಲ್ಲಿ ಹತ್ತು ನಿಮಿಷ ನಿಲ್ಲಿ. ಹೆಂಚಿನ ಸಾಲು ಎಲ್ಲಿ ತಗ್ಗುತ್ತದೆ, ಯಾವ ಗೋಡೆ ಓರೆಯಾಗಿದೆ, ಕಮಾನಿನ ಹಿಂದೆ ಏನಿದೆ, ನೋಡಿ. ಅಂಥ ಒಂದು ಸಾಲು ನಿಮ್ಮ ಕಾಗದದಲ್ಲಿದ್ದರೆ, ಇವರು ಈ ಜಾಗವನ್ನು ಬಲ್ಲವರು ಎಂದು ಓದುವ ಅಧಿಕಾರಿಗೆ ತಿಳಿಯುತ್ತದೆ.

ಮುಂದಿನ ಗೋಡೆಯೊಂದನ್ನೇ ಉಳಿಸುತ್ತೇವೆ ಎಂಬ ಮಾತಿಗೆ ಮರುಳಾಗಬೇಡಿ. ಹಳೆಯ ಮನೆ ಎಂದರೆ ಅದರ ಮೆಟ್ಟಿಲು, ತೊಲೆ, ಒಲೆ, ಹಿತ್ತಿಲು ಎಲ್ಲವೂ ಸೇರಿ. ಗೋಡೆಯೊಂದನ್ನು ಮುಂದೆ ನಿಲ್ಲಿಸುವುದು ನಾಟಕದ ಪರದೆಯಂತೆ.

ನಕಾಶೆಯ ಗೆರೆಯನ್ನೂ ಮರೆಯಬೇಡಿ. ಪ್ರತಿ ಕೌನ್ಸಿಲ್ ತನ್ನ ಊರಿಗೆ ಮುಂದಿನ ಹಲವು ವರ್ಷಗಳ ಯೋಜನೆಯನ್ನು ತಯಾರಿಸುವಾಗ ಜನರ ಅಭಿಪ್ರಾಯವನ್ನು ಕೇಳಲೇಬೇಕು. ಓದಲು ಬೇಸರ ತರಿಸುವ ದಪ್ಪ ಕಡತ ಅದು, ನಿಜ. ಆದರೆ 1945ರ ಆ ಗೆರೆ ಇದ್ದದ್ದು ಅಂಥದೇ ಕಡತದಲ್ಲಿ. ನಿಮ್ಮ ಬಳಗದಲ್ಲಿ ಒಬ್ಬರು ಎಂಜಿನಿಯರ್, ಒಬ್ಬರು ವಕೀಲರು, ಒಬ್ಬರು ಮೇಷ್ಟ್ರು ಇದ್ದೇ ಇರುತ್ತಾರೆ. ಮೂವರೂ ಒಂದು ಭಾನುವಾರ ಕೂತು ತಮ್ಮ ಪೇಟೆಯ ಪುಟಗಳನ್ನಷ್ಟು ಓದಲಿ.

ಹೋಟೆಲು, ಅಂಗಡಿ ನಡೆಸುವ ನಮ್ಮವರಿಗೆ ಒಂದು ಮಾತು, ದಯವಿಟ್ಟು ಮನಸ್ಸಿಗೆ ನೋವು ಮಾಡಿಕೊಳ್ಳಬೇಡಿ. ಹಳೆಯ ಕಟ್ಟಡದ ಮುಖವನ್ನು ಪೂರ್ತಿ ಮುಚ್ಚುವ ಹೊಳೆಯುವ ಪ್ಲಾಸ್ಟಿಕ್ ಹಲಗೆಯನ್ನು ಹಾಕುವ ಮುನ್ನ 1959ರ ಆ ಅಂಗಡಿಯವರನ್ನು ನೆನೆಯಿರಿ. ಒಳ್ಳೆಯ ಬಣ್ಣದ ಮರದ ಹಲಗೆಯ ಮೇಲೆ ಕನ್ನಡದ ದುಂಡಕ್ಷರ ಎಷ್ಟು ಚೆನ್ನಾಗಿ ಕಾಣುತ್ತದೆ! ಹಾಗೆಯೇ ಹಳೆಯ ಗೋಡೆ ಬಿರುಕುಬಿಟ್ಟರೆ ಸಿಮೆಂಟು ಮೆತ್ತಿಸಬೇಡಿ. ನಮ್ಮ ಅಜ್ಜಂದಿರ ಮನೆಗಳಂತೆ ಇವೂ ಸುಣ್ಣದ ಗಾರೆಯವು. ಸುಣ್ಣ ಉಸಿರಾಡುತ್ತದೆ, ಒಳಗಿನ ಪಸೆಯನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿ ತೊಲೆಯನ್ನು ಕೊಳೆಸುತ್ತದೆ. ಇದನ್ನು ಹಳ್ಳಿಯಲ್ಲಿ ಹಳೆಯ ಮನೆಯಿರುವ ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಮಿಡ್‌ಲ್ಯಾಂಡ್ಸ್‌ನ ಗೆಳೆಯರೇ, ನಿಮ್ಮ ಆ ನೋಟಿಸಿಗೆ ಇನ್ನೂ ಒಂಬತ್ತು ದಿನ ಬಾಕಿಯಿದೆ. ನಕ್ಷೆಗಳನ್ನು ನನಗೆ ಕಳುಹಿಸಿ, ಸೇರಿ ಬರೆಯೋಣ. ಉಳಿದವರಲ್ಲಿ ಯಾರಿಗಾದರೂ ಬಿಡುವಿದ್ದರೆ ಯಾವ ಶನಿವಾರವಾದರೂ ನಾರ್ವಿಚ್‌ಗೆ ಬನ್ನಿ. ಬೆಳಿಗ್ಗೆ ಹತ್ತಕ್ಕೆ ಫೈ ಬ್ರಿಜ್ ಮೇಲೆ ನಿಂತಿರುತ್ತೇನೆ. ಗರ್ನಿ ಕೋರ್ಟ್ ನೋಡಿಕೊಂಡು ಮೇಲ್ಸೇತುವೆಯ ಕೆಳಗಿನವರೆಗೆ ನಡೆಯೋಣ, ಅದರ ನೆರಳಿನಲ್ಲಿ ಒಂದು ಕ್ಷಣ ನಿಂತು, ಆಚೆ ಬದಿಗೆ ದಾಟಿ ಬೀದಿಯ ಉಳಿದ ಅರ್ಧವನ್ನೂ ನೋಡೋಣ. ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಯಲ್ಲಿ ಬಿಸಿಬೇಳೆಬಾತ್ ಇರುತ್ತದೆ.

ಇತಿ ನಿಮ್ಮವ,
ಹೊಳೆಯಾಚೆಯ ನಾರ್ವಿಚ್‌ನ ಒಬ್ಬ ಕನ್ನಡಿಗ